ಕಬ್ಬನ್ ಪಾರ್ಕಿನ ಒಂದು ವರ್ಷ: ನಿಂತ ಪ್ರತಿಮೆ, ಬೆಳೆಯುವ ಮರ

(ಉಪನ್ಯಾಸವೊಂದರ ಬರಹ ರೂಪ)

ಊರು ಬೆಳೆಯಿತು ಎನ್ನುತ್ತಾರೆ, ಮರ ಬೆಳೆಯಿತು ಎಂದೂ ಎನ್ನುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಆದರೆ ಬೆಂಗಳೂರಿನಲ್ಲಿ ಈ ಎರಡು ಬೆಳವಣಿಗೆಗಳಿಗೆ ಅಷ್ಟಾಗಿ ಹೊಂದಾಣಿಕೆಯಿಲ್ಲ. ಊರಿನ ಬೆಳವಣಿಗೆಗೆ ಲೆಕ್ಕಪತ್ರವಿದೆ. ಎಷ್ಟು ಮನೆಗಳು ಎದ್ದವು, ಎಷ್ಟು ವಾಹನಗಳು ರಸ್ತೆಗಿಳಿದವು, ಎಷ್ಟು ತೆರಿಗೆ ಬಂತು ಎಂಬುದು ವರ್ಷ ವರ್ಷವೂ ಅಚ್ಚಾಗುತ್ತದೆ. ಮರದ ಬೆಳವಣಿಗೆಗೆ ಅಂಥ ವಾರ್ಷಿಕ ವರದಿ ಇಲ್ಲ. ಮರ ಬಿದ್ದರೆ ಸುದ್ದಿ, ಬೆಳೆದರೆ ಸುದ್ದಿಯಲ್ಲ.

ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಪ್ರಯತ್ನ ಈ ಉಪನ್ಯಾಸ. ವಿಷಯ, ಒಂದು ಸಾರ್ವಜನಿಕ ಉದ್ಯಾನದ ಒಂದು ವರ್ಷ. ಉದ್ಯಾನ ಎಲ್ಲರಿಗೂ ಗೊತ್ತಿರುವ ಕಬ್ಬನ್ ಪಾರ್ಕು. ವರ್ಷವೆಂದರೆ ಜನವರಿಯಿಂದ ಡಿಸೆಂಬರಿನವರೆಗಿನದಲ್ಲ, ಯುಗಾದಿಯಿಂದ ಯುಗಾದಿಯವರೆಗಿನದು. ಮರಗಳು ಹೆಚ್ಚುಕಡಿಮೆ ಅನುಸರಿಸುವುದು ಆ ಪಂಚಾಂಗವನ್ನೇ. ಈ ಉದ್ಯಾನದಲ್ಲಿ ಮರಗಳ ಜೊತೆಗೆ ಪ್ರತಿಮೆಗಳಿವೆ. ಅದರ ಅಂಚಿನ ವಸ್ತುಸಂಗ್ರಹಾಲಯದಲ್ಲಿ ಸಾವಿರ ವರ್ಷ ಹಳೆಯ ಶಿಲ್ಪಗಳಿವೆ. ನಿಂತವೂ ಬೆಳೆಯುವವೂ ಒಂದೇ ಆವರಣದಲ್ಲಿ ಸೇರಿರುವುದರಿಂದ ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಊರೊಂದು ಯಾವುದನ್ನು ಉಳಿಸಿಕೊಳ್ಳಲು ಬಯಸುತ್ತದೆ, ಉಳಿಸಿಕೊಳ್ಳುವುದಕ್ಕಾಗಿ ಏನು ಮಾಡುತ್ತದೆ?

ಮೊದಲು ಜಾಗದ ಪರಿಚಯ. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ಈ ಉದ್ಯಾನವನ್ನು ರೂಪಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಪಕ್ಕದ ಕೆಂಪು ಕಟ್ಟಡ ಸಿದ್ಧವಾಗಿತ್ತು. ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಅದಕ್ಕೆ ಅಠಾರ ಕಚೇರಿ ಎಂದು ಹೆಸರಾಯಿತು. ಇಂದಿನ ಹೈಕೋರ್ಟು ಅದೇ. ಮುಂದೆ ಉದ್ಯಾನ ವಿಸ್ತಾರಗೊಂಡು ಸುಮಾರು 300 ಎಕರೆಗೆ ಮುಟ್ಟಿತೆಂದು ಲೆಕ್ಕ. ಆದರೆ ಈ ಲೆಕ್ಕದೊಳಗೆ ಕಟ್ಟಡ, ರಸ್ತೆ, ಸಂಘಸಂಸ್ಥೆಗಳೆಲ್ಲ ಸೇರಿವೆ. ಅವನ್ನು ಕಳೆದರೆ ತೋಟವೆನ್ನಬಹುದಾದ ನೆಲ 200 ಎಕರೆಯ ಆಸುಪಾಸು.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಮೊದಲಿಗೆ ಇದು ಆಗಿನ ಕಮಿಷನರ್ ಮೀಡ್ ಅವರ ಹೆಸರಿನಲ್ಲಿ ಮೀಡ್ಸ್ ಪಾರ್ಕ್ ಎನಿಸಿತ್ತು. ಆಮೇಲೆ, 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಬಂತು. ಕಬ್ಬನ್ 1861ರಲ್ಲಿ ಸ್ವದೇಶಕ್ಕೆ ಹೊರಟು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ತಮ್ಮ ಹೆಸರಿನ ಉದ್ಯಾನವನ್ನು ಅವರು ಕಂಡೇ ಇರಲಿಲ್ಲ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಇದು ಶ್ರೀ ಚಾಮರಾಜೇಂದ್ರ ಉದ್ಯಾನವಾಯಿತು. ಸರ್ಕಾರಿ ಕಾಗದದಲ್ಲಿ ಚಾಮರಾಜೇಂದ್ರ, ಜನರ ಬಾಯಲ್ಲಿ ಕಬ್ಬನ್. ಆಟೋದವರಿಗೆ ಹೇಳಿ ನೋಡಿದರೆ ಯಾವ ಹೆಸರು ಚಲಾವಣೆಯಲ್ಲಿದೆ ಎಂಬುದು ತಿಳಿಯುತ್ತದೆ.

ಇನ್ನು ವರ್ಷದ ಆರಂಭ. ಯುಗಾದಿಯ ಹೊತ್ತಿಗೆ ಬೆಂಗಳೂರಿನ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಹಿಂಗಾರು ಮುಗಿದು ನಾಲ್ಕು ತಿಂಗಳಾಗಿರುತ್ತದೆ, ಮುಂಗಾರು ಇನ್ನೂ ಎರಡು ತಿಂಗಳು ದೂರ. ಲೆಕ್ಕಾಚಾರದ ಪ್ರಕಾರ ಗಿಡಮರಗಳು ಮುದುರಿಕೊಂಡಿರಬೇಕು. ಆದರೆ ಉದ್ಯಾನದ ಹೊಂಗೆಗಳೆಲ್ಲ ಅದೇ ಹೊತ್ತಿಗೆ ತಿಳಿಹಸಿರು ಚಿಗುರು ಹೊದ್ದು ನಿಂತಿರುತ್ತವೆ. ಬೇವು ಹೂ ಬಿಟ್ಟಿರುತ್ತದೆ. ಹಬ್ಬದ ಬೇವುಬೆಲ್ಲಕ್ಕೆ ಹೂ ಒದಗುವುದು ಹಾಗೆ.

ಮಳೆಯಿಲ್ಲದ ಕಾಲದಲ್ಲಿ ಚಿಗುರು ಎಲ್ಲಿಂದ ಬರುತ್ತದೆ? ಹಳೆಯ ಎಲೆ ಉದುರಿಸಿದ ಮರ ನೀರಿನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ. ಆಳಕ್ಕಿಳಿದ ಬೇರು ತರುವ ತೇವ ಮತ್ತು ಕಾಂಡದಲ್ಲಿ ಉಳಿತಾಯವಾದ ನೀರು ಹೊಸ ಎಲೆಗೆ ಸಾಕಾಗುತ್ತದೆ. ಮಳೆ ಬರುವ ವೇಳೆಗೆ ಎಲೆ ಬಲಿತಿದ್ದರೆ ಮೊದಲ ಹನಿಯಿಂದಲೇ ಅದು ಕೆಲಸಕ್ಕೆ ಸಿದ್ಧ. ಹೂವಿನ ವಿಷಯವೂ ಹೀಗೆಯೇ. ಎಲೆಯಿಲ್ಲದ ಕೊಂಬೆಯ ಮೇಲೆ ಅರಳಿದ ಹೂ ದುಂಬಿಗೆ, ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಬೇಸಿಗೆಯಲ್ಲಿ ಹೂವಾದರೆ ಅನೇಕ ಮರಗಳ ಬೀಜ ಮಳೆಗಾಲಕ್ಕೆ ನೆಲ ಸೇರಿ ಮೊಳೆಯಬಹುದು. ನಗರದವರು ಚೆಲುವೆಂದು ನೋಡುವುದರ ಹಿಂದೆ ಮರದ ಸಂಸಾರದ ಲೆಕ್ಕಾಚಾರವಿದೆ.

ಏಪ್ರಿಲ್ ಬಂತೆಂದರೆ ಹೊಂಗೆಯ ಕೆಳಗೆ ಕಡಲೆಪುರಿ ಚೆಲ್ಲಿದಂತೆ ಹೂ ಬೀಳುತ್ತದೆ. ಕಕ್ಕೆಯ ಮರದಲ್ಲಿ ಹಳದಿ ಗೊಂಚಲು ಇಳಿಬೀಳುತ್ತದೆ. ಹೊಳೆದಾಸವಾಳ ನೇರಳೆಯಾಗುತ್ತದೆ. ಜಕರಾಂಡ ತನ್ನ ನೀಲಿಯನ್ನು ದಾರಿಯ ಮೇಲೆ ಹಾಸುತ್ತದೆ. ಆಮೇಲೆ ಗುಲ್ ಮೊಹರಿನ ಸರದಿ. ಅದರ ಉದ್ದನೆಯ ಕಾಯಿಯನ್ನು ಕತ್ತಿಯಾಗಿ ಹಿಡಿದು ಕಾಳಗವಾಡಿದ ಮಕ್ಕಳಿಗೆ ಅದು ಕತ್ತಿಕಾಯಿ ಮರ. ಇವುಗಳಲ್ಲಿ ಹೊಂಗೆ, ಕಕ್ಕೆ, ಹೊಳೆದಾಸವಾಳ ಈ ನಾಡಿನವು. ಗುಲ್ ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು. ಉದ್ಯಾನದ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದದ್ದು. ತೋಟಗಾರಿಕೆ ಇಲಾಖೆಯ ಹಳೆಯ ಪಟ್ಟಿಯೊಂದರ ಪ್ರಕಾರ ಇಲ್ಲಿ 96 ಜಾತಿಯ ಮರಗಿಡಗಳಿವೆ. ಕಬ್ಬನ್ ಪಾರ್ಕಿನಲ್ಲಿ ಕುಳಿತರೆ ಭೂಗೋಳದ ಅರ್ಧಭಾಗದ ನೆರಳಿನಲ್ಲಿ ಕುಳಿತಂತೆ.

ಒಂದು ಹೂ ಮುಗಿಯುವಾಗ ಇನ್ನೊಂದು ಆರಂಭವಾಗುವ ಈ ಏರ್ಪಾಡು ಪೂರ್ತಿ ಆಕಸ್ಮಿಕವಲ್ಲ. ಅದರ ಹಿಂದೆ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರನ ಯೋಜನೆಯಿತ್ತು. 1865ರಲ್ಲಿ ಡ್ರೆಸ್ಡೆನ್ ಬಳಿ ಹುಟ್ಟಿದ ಈತ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದವರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಲಾಲ್‌ಬಾಗಿನ ಹೊಣೆಯ ಜೊತೆಗೆ ಊರಿನ ಸಾಲುಮರಗಳ ಕೆಲಸವೂ ಅವರ ಪಾಲಿಗೆ ಬಂತು. ವರ್ಷದ ಯಾವ ತಿಂಗಳಲ್ಲೂ ಯಾವುದಾದರೊಂದು ಬೀದಿ ಹೂಬಿಟ್ಟಿರಬೇಕು ಎಂಬ ಲೆಕ್ಕದಲ್ಲಿ ಜಾತಿಗಳನ್ನು ಆಯ್ದು ನೆಡಿಸಿದರು. ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ಆದರೂ ಅವರು ಈ ಊರನ್ನು ಬಿಡಲಿಲ್ಲ. 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಕ್ರುಂಬಿಗಲ್ ಹಾಕಿದ ದಾರಿಯನ್ನು ಮುಂದಿನವರು ತಮ್ಮ ತಮ್ಮ ರೀತಿಯಲ್ಲಿ ಮುಂದುವರಿಸಿದರು. 1932ರಲ್ಲಿ ಅವರ ಸ್ಥಾನಕ್ಕೆ ಎಚ್.ಸಿ. ಜವರಾಯ ಬಂದರು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಎಂ.ಎಚ್. ಮರಿಗೌಡ ತೋಟಗಾರಿಕೆಯನ್ನು ರಾಜ್ಯದ ಮೂಲೆಮೂಲೆಗೆ ಒಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಬೆಂಗಳೂರಿನ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಇಂದು ಜನ ನಿಂತು ಫೋಟೊ ತೆಗೆಸಿಕೊಳ್ಳುವ ಮರಗಳು ಇಂಥವರ ಕಾಲದ ಸಸಿಗಳು. ನೆಟ್ಟ ವರ್ಷ ಅವುಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ರೈತರ ಗಾದೆ. ಆದರೆ ನಗರದ ಉದ್ಯಾನಕ್ಕೆ ಏಪ್ರಿಲ್ ಕೊನೆಯ, ಮೇ ತಿಂಗಳ ಮಳೆ ಆತಂಕದ ಕಾಲ. ಸಂಜೆ ನಾಲ್ಕಕ್ಕೆ ಕವಿದ ಮೋಡ ಆರರೊಳಗೆ ಗಾಳಿಯಾಗಿ ಅಪ್ಪಳಿಸಿದರೆ ಮರುದಿನ ಬೆಳಿಗ್ಗೆ ದಾರಿಯುದ್ದಕ್ಕೂ ಮುರಿದ ಕೊಂಬೆಗಳು. ಕೆಲವೊಮ್ಮೆ ಬೇರುಸಮೇತ ಉರುಳಿದ ದೊಡ್ಡ ಮರಗಳು.

ಮರ ಬೀಳುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಗುಲ್ ಮೊಹರಿನಂಥ ಮರಗಳ ಮರಮಟ್ಟು ಮೆದು, ಬೇರು ಮೇಲ್ಮಟ್ಟದ್ದು. ಅವು ಬೇಗ ಬೆಳೆಯುತ್ತವೆ, ಬೇಗ ಮುರಿಯುತ್ತವೆ. ಮರದ ಬುಡದವರೆಗೆ ಕಲ್ಲು, ಕಾಂಕ್ರೀಟು ಹಾಸಿದರೆ ಬೇರಿಗೆ ಗಾಳಿ ನೀರು ಸಿಗುವುದಿಲ್ಲ. ಕೊಳವೆಗೋ ಕೇಬಲ್ಲಿಗೋ ಕಾಲುವೆ ತೋಡಿದಾಗ ಒಂದು ಮಗ್ಗುಲಿನ ಬೇರು ಕಡಿದುಹೋಗುತ್ತದೆ. ಹೊರನೋಟಕ್ಕೆ ಮರ ಸೊಂಪಾಗಿಯೇ ಇರುತ್ತದೆ. ಅದರ ದೌರ್ಬಲ್ಯ ತಿಳಿಯುವುದು ಬಿದ್ದ ಮೇಲೆ. ಇನ್ನೊಂದು ಕಾರಣ ವಯಸ್ಸು. ಒಂದು ಕಾಲದಲ್ಲಿ ಒಟ್ಟಿಗೆ ನೆಟ್ಟ ಸಾಲು ಒಟ್ಟಿಗೇ ಮುದಿಯಾಗುತ್ತದೆ. ಅಜ್ಜಂದಿರೂ ಮೊಮ್ಮಕ್ಕಳೂ ಇರುವ ಮನೆಯಂತೆ ಎಲ್ಲ ವಯಸ್ಸಿನ ಮರಗಳೂ ಇರುವ ತೋಟ ಮಾತ್ರ ಬಾಳುತ್ತದೆ. ಬರೀ ಅಜ್ಜಂದಿರ ತೋಟ ನೋಡಲು ಭವ್ಯ, ಆದರೆ ಅದರ ಮುಂದಿನ ದಿನಗಳು ಕಷ್ಟ.

ಮರದ ವಯಸ್ಸನ್ನು ತಿಳಿಯುವುದೂ ಸುಲಭವಲ್ಲ. ಚಳಿದೇಶದ ಮರ ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲಿಸಿ, ವಸಂತದಲ್ಲಿ ಮತ್ತೆ ಆರಂಭಿಸುತ್ತದೆ. ಹಾಗಾಗಿ ಅಡ್ಡಕೊಯ್ದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಸ್ಪಷ್ಟವಾಗಿ ಕಾಣುತ್ತದೆ. ತೊಗಟೆಯ ಒಳಗಿನ ತೆಳುಪದರವೊಂದು ಹೊಸ ಮರಮಟ್ಟನ್ನು ಒಳಕ್ಕೂ ಹೊಸ ತೊಗಟೆಯನ್ನು ಹೊರಕ್ಕೂ ಕಟ್ಟುತ್ತಾ ಹೋಗುವುದೇ ಮರದ ದಪ್ಪನಾಗುವಿಕೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಹಿಮವಿಲ್ಲ, ತೀರಾ ಬೇಗೆಯೂ ಇಲ್ಲ. ಇಲ್ಲಿನ ಎಷ್ಟೋ ಮರಗಳಿಗೆ ಪೂರ್ತಿ ನಿದ್ರೆಯ ಕಾಲವಿಲ್ಲ. ತೇಗದಂಥ ಕೆಲವನ್ನು ಬಿಟ್ಟರೆ ಬಳೆಗಳು ಮಸುಕು, ಎಣಿಸಿದರೆ ತಪ್ಪುತ್ತದೆ. ನೆಟ್ಟವರು ಬರೆದಿಡದಿದ್ದರೆ ಮರದ ಜನ್ಮವರ್ಷ ಊಹೆಯ ಮಾತಾಗುತ್ತದೆ. ಪ್ರತಿಮೆಯ ಪೀಠದಲ್ಲಿ ತಾರೀಖು ಕೆತ್ತುತ್ತಾರೆ. ಮರದ ಬುಡದಲ್ಲಿ ಕೆತ್ತುವವರು ಪ್ರೇಮಿಗಳು ಮಾತ್ರ, ಅವರೂ ಮರದ ತಾರೀಖನ್ನು ಬರೆಯುವುದಿಲ್ಲ.

ಜೂನ್ ತಿಂಗಳಿನಿಂದ ತೋಟದ ಮಾಲಿಗಳ ಕಾಲ. ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟಿದ್ದ ಗುಂಡಿಗಳಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಸಸಿ ನೆಡುತ್ತಾರೆ. ಊರುಗೋಲು ಕೊಟ್ಟು, ಸುತ್ತ ಪಾತಿ ಕಟ್ಟಿ, ಬೇಲಿ ಹಾಕುತ್ತಾರೆ. ಹಳೆಯ ಮರಗಳ ಮೇಲೆ ಬೇರೂರಿ ರಸ ಹೀರುವ ಬಂದಳಿಕೆಯನ್ನು ಕತ್ತರಿಸಿ ತೆಗೆಯುತ್ತಾರೆ. ಬಿದ್ದ ಎಲೆಯನ್ನು ಗುಂಡಿಗೆ ತುಂಬಿದರೆ ಮುಂದಿನ ವರ್ಷಕ್ಕೆ ಎಲೆಗೊಬ್ಬರ. ಮಳೆಗಾಲದಲ್ಲಿ ಉದ್ಯಾನಕ್ಕೆ ಬರುವವರು ಕಡಿಮೆ, ಹೂವೂ ಕಡಿಮೆ. ಆದರೆ ವರ್ಷದ ನಿಜವಾದ ಬೆಳವಣಿಗೆ ನಡೆಯುವುದು ಈ ಕಾಲದಲ್ಲಿ, ಯಾರೂ ನೋಡದಿರುವಾಗ.

ದಾರಿಯ ಮೇಲೆ ಚಪ್ಪರ ಹಾಕಿದಂತಿರುವ ಮಳೆಮರಗಳನ್ನು ಗಮನಿಸಲು ಇದು ಒಳ್ಳೆಯ ಕಾಲ. ಮೋಡ ಕವಿದಾಗ, ಸಂಜೆಯಾದಾಗ ಅವುಗಳ ಎಲೆಗಳು ಕೈಮುಗಿದಂತೆ ಮಡಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿ ಒಂದು ಪುಟ್ಟ ಗಂಟಿದೆ. ಆ ಗಂಟಿನ ಒಂದು ಬದಿಯ ಕೋಶಗಳಿಂದ ನೀರು ಇನ್ನೊಂದು ಬದಿಗೆ ಸರಿದಾಗ ಎಲೆ ಬಾಗುತ್ತದೆ. ನಾಚಿಕೆ ಮುಳ್ಳಿನ ಎಲೆ ಮುದುಡುವುದೂ ಇದೇ ಬಗೆಯಲ್ಲಿ. ಅದು ಮಡಚಿಕೊಂಡಾಗ ಮಳೆ ನೇರವಾಗಿ ಕೆಳಗಿನ ಹುಲ್ಲಿಗೆ ಇಳಿಯುತ್ತದೆ. ಹೆಸರು ಬಂದದ್ದು ಅದಕ್ಕೇ ಎಂದು ಹಲವರು ಹೇಳುತ್ತಾರೆ.

ಹೂವಿಲ್ಲದ ಈ ತಿಂಗಳುಗಳಲ್ಲಿ ಪ್ರತಿಮೆಗಳ ಕಡೆಗೆ ತಿರುಗಬಹುದು. ಅವು ಎಲ್ಲೆಲ್ಲಿ ನಿಂತಿವೆ ಎಂಬುದೇ ಒಂದು ಇತಿಹಾಸ ಪಾಠ. ಉದ್ಯಾನ ಹುಟ್ಟಿದ್ದು ಪೇಟೆಗೂ ದಂಡಿಗೂ ನಡುವೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಅವು ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ದಂಡಿನ ಕಡೆಯ ಮೂಲೆಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯಿದೆ. ಥಾಮಸ್ ಬ್ರಾಕ್ ಎಂಬ ಶಿಲ್ಪಿ ಕಡೆದದ್ದು. ಲಂಡನ್ನಿನ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕವೂ ಇದೇ ಶಿಲ್ಪಿಯದು. 1906ರ ಫೆಬ್ರವರಿಯಲ್ಲಿ ಇದನ್ನು ಅನಾವರಣ ಮಾಡಿದವರು ಮುಂದೆ ಐದನೇ ಜಾರ್ಜ್ ಆದ ಯುವರಾಜ. ರಾಣಿಯ ಮಗ ಏಳನೇ ಎಡ್ವರ್ಡನ ಪ್ರತಿಮೆ 1919ರಲ್ಲಿ ಬಂತು.

ಉದ್ಯಾನದ ಒಳಭಾಗಕ್ಕೆ ಬಂದರೆ ಸಂಸ್ಥಾನದವರು. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ 1913ರದು. ಶಿವನಸಮುದ್ರದ ಜಲವಿದ್ಯುತ್ತಿಗೆ ಚಾಲನೆ ಕೊಟ್ಟವರು ಅವರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದಾಗ ನೋಡಲು ಅವರಿರಲಿಲ್ಲ. ಪ್ರತಿಮೆಯ ಹಿಂದಿನ ಕೆಂಪು ಸ್ಮಾರಕ ಭವನ ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಚಾಮರಾಜೇಂದ್ರ ಒಡೆಯರ ಪ್ರತಿಮೆ 1927ರದು. ಹೀಗೆ ಆಳಿದವರೂ ಆಳಿಸಿಕೊಂಡವರೂ ಒಂದೇ ತೋಟದಲ್ಲಿ ಬೆನ್ನು ತಿರುಗಿಸದೆ ನಿಂತಿದ್ದಾರೆ. ಸ್ವಾತಂತ್ರ್ಯಾನಂತರ ದೇಶದ ಹಲವು ನಗರಗಳಲ್ಲಿ ರಾಣಿಯ ಪ್ರತಿಮೆಗಳನ್ನು ತೆಗೆದು ಸಂಗ್ರಹಾಲಯಗಳಿಗೆ ಸಾಗಿಸಿದರು. ಬೆಂಗಳೂರಿನಲ್ಲಿ ಅದು ಇದ್ದಲ್ಲೇ ಇದೆ. ಅದರ ಪೀಠದ ಬಳಿ ಕುಳಿತು ಬುತ್ತಿ ಬಿಚ್ಚುವವರಿಗೆ ಸಾಮ್ರಾಜ್ಯದ ನೆನಪಿಗಿಂತ ನೆರಳು ಮುಖ್ಯ.

ಪ್ರತಿಮೆ ಕದಲುವುದಿಲ್ಲ ಎಂದೂ ಹೇಳುವಂತಿಲ್ಲ. ಕುದುರೆಯ ಮೇಲೆ ಕುಳಿತ ಮಾರ್ಕ್ ಕಬ್ಬನ್ ಪ್ರತಿಮೆ ಮರೊಚೆಟ್ಟಿ ಎಂಬ ಶಿಲ್ಪಿಯದು, ಉದ್ಯಾನಕ್ಕಿಂತಲೂ ಹಳೆಯದು. ದೀರ್ಘಕಾಲ ಹೈಕೋರ್ಟಿನ ಆವರಣದಲ್ಲಿದ್ದ ಅದನ್ನು 2020ರ ಜೂನ್ ತಿಂಗಳಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು. ತಮ್ಮ ಹೆಸರಿನ ತೋಟಕ್ಕೆ ಕಬ್ಬನ್ ಸಾಹೇಬರು ಬಂದು ಸೇರಿದ್ದು ಅದು ಹುಟ್ಟಿದ 150ನೇ ವರ್ಷದಲ್ಲಿ. ಕಂಚಿನ ಕುದುರೆಯನ್ನು ಎತ್ತಿ ಲಾರಿಯಲ್ಲಿಟ್ಟು ಇನ್ನೊಂದು ಕಡೆ ನಿಲ್ಲಿಸಬಹುದು. ನೂರು ವರ್ಷದ ಮಳೆಮರವನ್ನು ಹಾಗೆ ಎತ್ತಿಡುವುದು ಆಗದ ಮಾತು. ಅದು ಇರುವ ನೆಲವೇ ಅದರ ಅರ್ಧ ದೇಹ.

ದಸರಾ ಹೊತ್ತಿಗೆ ಮಳೆ ಹಿಮ್ಮೆಟ್ಟುತ್ತದೆ. ಬೆಂಗಳೂರಿಗೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಹೆಚ್ಚು. ಆ ತೇವವನ್ನುಂಡು ನೀರುಕಾಯಿ ಮರ ಕಿತ್ತಳೆಗೆಂಪು ಹೂಗಳನ್ನು ಹೊರುತ್ತದೆ. ಅದರ ಮೊಗ್ಗನ್ನು ಹಿಚುಕಿ ಪಿಚಕಾರಿ ಮಾಡಿಕೊಳ್ಳದ ಬಾಲ್ಯ ಈ ಊರಿನಲ್ಲಿ ಕಡಿಮೆ. ದೀಪಾವಳಿ ಕಳೆದ ಮೇಲೆ ಆಕಾಶಮಲ್ಲಿಗೆ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದ್ದ ತೊಟ್ಟಿನ ಬಿಳಿ ಹೂಗಳು ನೆಲ ತುಂಬಿರುತ್ತವೆ. ಮರದಿಂದ ಕೀಳಬೇಕಾದ್ದಿಲ್ಲ, ಬಗ್ಗಿ ಆರಿಸಿಕೊಂಡರೆ ಸಾಕು.

ಈ ತಿಳಿಬಿಸಿಲಿನ ದಿನಗಳಲ್ಲಿ ಉದ್ಯಾನದ ಅಂಚಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹವನ್ನು ನೆನೆಯುವುದು ಪ್ರಸ್ತುತ. 1865ರಲ್ಲಿ ಸ್ಥಾಪನೆಯಾಗಿ 1877ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಸಂಸ್ಥೆ ಇದು. ಇಲ್ಲಿನ ಅತ್ಯಂತ ಅಪರೂಪದ ಕಲ್ಲುಗಳಲ್ಲೊಂದು ಮದ್ದೂರು ತಾಲೂಕಿನ ಆತಕೂರಿನಿಂದ ಬಂದದ್ದು. ಅದು ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಬೇಕಾದ್ದನ್ನು ಕೇಳಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇವತ್ತಿಗೂ ಕಾದಾಡುತ್ತಿವೆ.

ಕಮಿಷನರು, ದಿವಾನರು, ರಾಣಿ, ರಾಜರ ನಡುವೆ ಇದು ನಾಯಿಯ ಸ್ಮಾರಕ. ಆದರೆ ಈ ಉಪನ್ಯಾಸಕ್ಕೆ ಮುಖ್ಯವಾದದ್ದು ಶಾಸನದ ಇನ್ನೊಂದು ಅಂಶ. ಮಣಲೇರ ಕಲ್ಲನ್ನು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆ ಭೂಮಿ ಬಿಟ್ಟ, ನೋಡಿಕೊಳ್ಳುವವನನ್ನು ಗೊತ್ತುಮಾಡಿದ. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ಅರ್ಚಕನಿಗೆ ಪಾಪ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಬರೆಸಿದ. ಸ್ಮಾರಕಕ್ಕೆ ಮೂರು ಬೇಕು ಎಂಬುದು ಸಾವಿರ ವರ್ಷದ ಹಿಂದಿನವರಿಗೆ ತಿಳಿದಿತ್ತು: ನಿಲ್ಲಲು ಜಾಗ, ನೋಡಿಕೊಳ್ಳುವ ಕೈ, ಮರೆತರೆ ಕಾಡುವ ಭಯ. ಕಲ್ಲಿಗೇ ಇಷ್ಟು ಬೇಕಾದರೆ ಜೀವವಿರುವ ಮರಕ್ಕೆ ಎಷ್ಟು ಬೇಕು?

ಡಿಸೆಂಬರ್, ಜನವರಿಯಲ್ಲಿ ಎಲೆಗಳು ಉದುರುತ್ತವೆ. ಬೂರುಗ ಬರಿಗೊಂಬೆಗಳ ಮೇಲೆ ಕೆಂಪು ಹೂಗಳನ್ನು ಎತ್ತಿ ಹಿಡಿಯುತ್ತದೆ. ಗುಲಾಬಿ ಬಣ್ಣದ ಟಬೂಬಿಯ, ಅದರ ಬೆನ್ನಿಗೆ ಹಳದಿ ಟಬೂಬಿಯ ಅರಳುತ್ತವೆ. ಮರಗಳು ಬೋಳಾದ ಈ ಕಾಲದಲ್ಲಿ ಎಲೆಯ ಮರೆಯಲ್ಲಿದ್ದ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ತೋಟದ ಎಲ್ಲೆ ಎಲ್ಲಿ ಮುಗಿಯಿತು ಎಂಬ ಪ್ರಶ್ನೆ ಆಗ ಏಳುತ್ತದೆ.

ಈ ಪ್ರಶ್ನೆಗೆ ದೀರ್ಘ ಚರಿತ್ರೆಯಿದೆ. ಗ್ರಂಥಾಲಯ, ಸಂಗ್ರಹಾಲಯ, ಕಲಾ ಗ್ಯಾಲರಿ, ಬಾಲಭವನ ಇವೆಲ್ಲ ಒಳ್ಳೆಯ ಉದ್ದೇಶದ ಕಟ್ಟಡಗಳೇ. ಆದರೆ ಒಳ್ಳೆಯ ಉದ್ದೇಶಕ್ಕೂ ನೆಲ ಬೇಕು. ಊರಿನ ನಟ್ಟನಡುವೆ ಖಾಲಿಯಾಗಿ ಕಾಣುವ ಜಾಗ ತೋಟವೊಂದೇ. ಮರವಿರುವ ನೆಲವನ್ನು ಖಾಲಿ ನೆಲವೆಂದು ನೋಡುವ ಕಣ್ಣೇ ಇಲ್ಲಿನ ದೊಡ್ಡ ಅಪಾಯ. ಅದನ್ನು ತಡೆಯಲೆಂದು 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಕಾಯ್ದೆ ಬಂತು. ಆದರೂ 1998ರಲ್ಲಿ ಸರ್ಕಾರ ಉದ್ಯಾನದ ಗಡಿಯಿಂದ ಮೂವತ್ತು ಎಕರೆಯ ಆಸುಪಾಸಿನ ಜಾಗವನ್ನು ಕೈಬಿಡಲು ಮುಂದಾಯಿತು. ಬೆಳಗಿನ ವಾಯುವಿಹಾರಿಗಳು, ವಿದ್ಯಾರ್ಥಿಗಳು, ಲೇಖಕರು, ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ವಿವಾದ ಹೈಕೋರ್ಟಿನ ಮುಂದೆ ಬಂತು. ಗುರುತಿಸಿದ ಎಲ್ಲೆಯೊಳಗಿನ ನೆಲವನ್ನು ಉದ್ಯಾನವಾಗಿಯೇ ಉಳಿಸಬೇಕು, ಕಾಯ್ದೆಯನ್ನು ಮೀರಿ ಅಲ್ಲಿ ಕಟ್ಟಡ ಏಳಬಾರದು ಎಂದು 2001ರ ಆಗಸ್ಟಿನಲ್ಲಿ ನ್ಯಾಯಾಲಯ ನಿರ್ದೇಶಿಸಿತು. ಆ ನ್ಯಾಯಾಲಯ ಕುಳಿತಿರುವುದೂ ಅದೇ ಉದ್ಯಾನದ ಮಗ್ಗುಲಿನಲ್ಲಿ. ಕಿಟಕಿಯಿಂದ ನೋಡಿದರೆ ವಾದದ ವಸ್ತು ಕಣ್ಣೆದುರಿಗೇ ಇತ್ತು.

ಊರು ಬೆಳೆಯಬಾರದು ಎಂಬುದು ಇದರ ಅರ್ಥವಲ್ಲ. 2016ರಲ್ಲಿ ಉದ್ಯಾನದ ಪಕ್ಕದಲ್ಲೇ ನೆಲದಡಿಯ ಮೆಟ್ರೋ ನಿಲ್ದಾಣ ತೆರೆಯಿತು. ದೂರದ ಬಡಾವಣೆಯ ಸಾಮಾನ್ಯ ಕುಟುಂಬವೂ ಭಾನುವಾರ ಇಲ್ಲಿಗೆ ಬಂದು ಹೋಗುವುದು ಅದರಿಂದ ಸುಲಭವಾಯಿತು. ರಾಜಧಾನಿಯ ನಡುವೆ ಟಿಕೆಟ್ಟಿಲ್ಲದೆ ಒಳಗೆ ಹೋಗಿ ಹುಲ್ಲಿನ ಮೇಲೆ ಮಲಗಬಹುದಾದ ಜಾಗಗಳು ಹೆಚ್ಚಿಲ್ಲ. 2023ರಿಂದೀಚೆಗೆ ಶನಿವಾರದ ಬೆಳಿಗ್ಗೆ ಚಾಪೆ ಹಾಸಿಕೊಂಡು, ಯಾರೊಡನೆಯೂ ಮಾತಾಡದೆ ಪುಸ್ತಕ ಓದುವವರ ಗುಂಪು ಇಲ್ಲಿ ಸೇರುತ್ತಿದೆ. ಭಾಷಣವಿಲ್ಲ, ಹಾರವಿಲ್ಲ. ನೆರಳು ಮಾತ್ರ ಬೇಕು. ಆ ನೆರಳನ್ನು ಕೊಡುತ್ತಿರುವವರು ಎಂದೋ ಸಸಿಗೆ ನೀರು ಹೊತ್ತು ಹಾಕಿದ, ಹೆಸರು ಎಲ್ಲೂ ದಾಖಲಾಗದ ಆಳುಗಳು.

ವರ್ಷದ ಲೆಕ್ಕವನ್ನು ಇಲ್ಲಿಗೆ ಕೂಡಿಸಬಹುದು. ಯುಗಾದಿಯಿಂದ ಯುಗಾದಿಗೆ ದೊಡ್ಡ ಮರವೊಂದು ಬೆರಳಿನಷ್ಟು ದಪ್ಪವಾಗಿದ್ದರೆ ಹೆಚ್ಚು. ಗಾಳಿಗೆ ಅಥವಾ ಗರಗಸಕ್ಕೆ ಸಿಕ್ಕರೆ ಅದೇ ಮರ ಒಂದು ಸಂಜೆಯಲ್ಲಿ ಹೋಗುತ್ತದೆ. ಜಮೆ ಹನಿಹನಿಯಾಗಿ, ಖರ್ಚು ಒಂದೇ ಸಲಕ್ಕೆ. ಇಂಥ ವ್ಯವಹಾರದಲ್ಲಿ ದಿವಾಳಿಯಾಗದೆ ಉಳಿಯಲು ದಾರಿ ಎರಡೇ. ಪ್ರತಿ ಮಳೆಗಾಲದಲ್ಲೂ ಮುಂದಿನ ತಲೆಮಾರಿನ ಸಸಿ ನೆಡುವುದು, ನೆಟ್ಟ ಮೇಲೆ ಮೂರು ನಾಲ್ಕು ಬೇಸಿಗೆ ಅದನ್ನು ದಾಟಿಸುವುದು ಒಂದು. ತೋಟದ ಎಲ್ಲೆಯ ಮೇಲೆ ಕಣ್ಣಿಟ್ಟಿರುವುದು ಇನ್ನೊಂದು. ಮೊದಲನೆಯದು ಇಲಾಖೆಯ ಕೆಲಸ. ಎರಡನೆಯದು ಬರೀ ಇಲಾಖೆಯ ಕೆಲಸವಲ್ಲ ಎಂಬುದನ್ನು 1998 ತೋರಿಸಿಕೊಟ್ಟಿತು.

ಮುಂದಿನ ಸಲ ಕಬ್ಬನ್ ಪಾರ್ಕಿಗೆ ಹೋದಾಗ ನೀವು ಪ್ರತಿಮೆಗಳನ್ನು ನೋಡಿ, ಹೂ ಬಿಟ್ಟ ಮರಗಳನ್ನೂ ನೋಡಿ. ಆಮೇಲೆ ಐದು ನಿಮಿಷ ಬಿಡುವು ಮಾಡಿಕೊಂಡು ಬೇಲಿಯೊಳಗೆ ಊರುಗೋಲು ಹಿಡಿದು ನಿಂತಿರುವ, ಮೊಣಕಾಲೆತ್ತರದ ಯಾವುದಾದರೊಂದು ಹೊಂಗೆಯ ಸಸಿಯನ್ನು ಹುಡುಕಿ. ಅದರ ಪಾತಿ ಒಣಗಿದೆಯೇ, ಬೇಲಿ ಮುರಿದಿದೆಯೇ ನೋಡಿ. ಒಣಗಿದ್ದರೆ ಹತ್ತಿರದ ಮಾಲಿಗೆ ಒಂದು ಮಾತು ಹೇಳಿ. ಮಣಲೇರ ಕಲ್ಲಿನಲ್ಲಿ ಬರೆಸಿದ್ದು ಹೆಚ್ಚುಕಡಿಮೆ ಇಷ್ಟನ್ನೇ: ಇದನ್ನು ನೋಡದೆ ಊಟಕ್ಕೆ ಕೂರಬೇಡಿ ಎಂದು.